ಬೊಲಿವಿಯಾ ಪ್ರವಾಸ: ಕೆಳಗಿನಿಂದ ಶುರು ಮಾಡಿ, ನಿಧಾನವಾಗಿ ಮೇಲಕ್ಕೆ ಹತ್ತಿ

ಬೊಲಿವಿಯಾಕ್ಕೆ ಟಿಕೆಟ್ ಬುಕ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಂಡು ಅಲ್ಲಿನ ಊರುಗಳ ಎತ್ತರ ಬರೆದುಕೊಳ್ಳಿ. ಸಾಂತಾ ಕ್ರೂಸ್ ಸುಮಾರು 400 ಮೀಟರ್. ಸಮೈಪಾತಾ ಸುಮಾರು 1,650. ಸೂಕ್ರೆ 2,800. ಲಾ ಪಾಸ್ 3,600 ದಾಟುತ್ತದೆ, ಉಯುನಿಯೂ ಹಾಗೇ. ಪೊಟೊಸಿ 4,000ಕ್ಕಿಂತ ಮೇಲೆ. ಲಾ ಪಾಸ್ ವಿಮಾನ ನಿಲ್ದಾಣ ಇರುವ ಎಲ್ ಆಲ್ತೊ ಕೂಡ 4,000 ಮೀಟರ್ ಮೇಲೆಯೇ ಇದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಕರ್ನಾಟಕದಲ್ಲಿ ಹುಟ್ಟಿ ಬೆಳೆದ ದೇಹಕ್ಕೆ ಈ ಎತ್ತರದ ಅಭ್ಯಾಸವೇ ಇಲ್ಲ ಅಲ್ವಾ.

ಅಗ್ಗದ ಟಿಕೆಟ್ ಸಿಕ್ಕಿತೆಂದು ಬಹಳ ಜನ ನೇರ ಲಾ ಪಾಸ್‌ಗೆ ಹೋಗಿ ಇಳಿಯುತ್ತಾರೆ. ಆಮೇಲೆ ಮೊದಲ ಎರಡು ದಿನ ತಲೆನೋವು, ವಾಕರಿಕೆ, ನಿದ್ದೆಯಿಲ್ಲದ ರಾತ್ರಿಗಳಲ್ಲೇ ಕಳೆದುಹೋಗುತ್ತವೆ. ಅಷ್ಟು ದೂರ ಹೋಗಿ ಹೋಟೆಲ್ ರೂಮಿನಲ್ಲಿ ಮಲಗುವುದು ಬೇಡ. ತಗ್ಗಿನ ಊರಲ್ಲಿ ಇಳಿದು, ಮಧ್ಯದ ಊರಲ್ಲಿ ತಂಗಿ, ಕೊನೆಗೆ ಎತ್ತರಕ್ಕೆ ಹೋಗಿ. ಈ ಕ್ರಮ ಪಾಲಿಸಿದರೆ ಉಳಿದದ್ದೆಲ್ಲ ಸಲೀಸು. ಕೆಳಗಿನ ಹೆಜ್ಜೆಗಳನ್ನು ನಾನು ಜೋಡಿಸಿರುವುದೂ ಇದೇ ಲೆಕ್ಕದಲ್ಲಿ.

ದೇಶದ ಪರಿಚಯ, ಹೋಗುವ ಮುಂಚೆ ಗೊತ್ತಿರಲಿ

ದಕ್ಷಿಣ ಅಮೆರಿಕದಲ್ಲಿ ಕಡಲಿಲ್ಲದ ದೇಶಗಳು ಎರಡೇ. ಒಂದು ಪರಾಗ್ವೆ, ಇನ್ನೊಂದು ಬೊಲಿವಿಯಾ. ಬೊಲಿವಿಯಾದ ಸುತ್ತ ಬ್ರೆಜಿಲ್, ಪರಾಗ್ವೆ, ಅರ್ಜೆಂಟೀನಾ, ಚಿಲಿ, ಪೆರು ಇವೆ. ವಿಸ್ತೀರ್ಣ ಸುಮಾರು 10,98,000 ಚದರ ಕಿಲೋಮೀಟರ್. ಕರ್ನಾಟಕದಂಥ ಐದು ರಾಜ್ಯ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಜನಸಂಖ್ಯೆ ಮಾತ್ರ 2024ರ ಜನಗಣತಿಯಂತೆ 1.13 ಕೋಟಿ. ಹಾಗಾಗಿ ಗಂಟೆಗಟ್ಟಲೆ ಬಸ್ಸಿನಲ್ಲಿ ಹೋದರೂ ಒಂದು ಮನೆ ಕಾಣದ ಬಯಲು ಇಲ್ಲಿ ಮಾಮೂಲು.

ಆಂಡಿಸ್ ಪರ್ವತ, ಅದರ ಮಡಿಲಿನ ಆಲ್ತಿಪ್ಲಾನೊ ಎಂಬ ಎತ್ತರದ ಬಯಲು, ಇವೇ ಫೋಟೋಗಳಲ್ಲಿ ಜಾಸ್ತಿ ಕಾಣುವುದು. ಆದರೆ ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಪೂರ್ವದ ತಗ್ಗು ಪ್ರದೇಶ. ಅಲ್ಲಿ ಸೆಕೆ, ಕಾಡು, ದನದ ಹುಲ್ಲುಗಾವಲು. ಅತಿ ದೊಡ್ಡ ನಗರ ಸಾಂತಾ ಕ್ರೂಸ್ ಇರುವುದೂ ಅಲ್ಲೇ.

ರಾಜಧಾನಿ ವಿಚಾರದಲ್ಲಿ ಗೊಂದಲ ಬೇಡ. ಸಂವಿಧಾನದ ಪ್ರಕಾರ ರಾಜಧಾನಿ ಸೂಕ್ರೆ, ಸುಪ್ರೀಂ ಕೋರ್ಟ್ ಅಲ್ಲಿದೆ. ಅಧ್ಯಕ್ಷರು, ಸಂಸತ್ತು ಇರುವುದು ಲಾ ಪಾಸ್‌ನಲ್ಲಿ. ಸ್ಪೇನ್ ಕೈಯಿಂದ ಬಿಡುಗಡೆ ಸಿಕ್ಕಿದ್ದು 1825ರ ಆಗಸ್ಟ್ 6ರಂದು. ಸಿಮೊನ್ ಬೊಲಿವಾರ್ ಹೆಸರನ್ನೇ ದೇಶಕ್ಕೆ ಇಟ್ಟರು. 2009ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿದೆ. ಕೆಚುವಾ, ಐಮಾರಾ, ಗ್ವರಾನಿ ಅವುಗಳಲ್ಲಿ ದೊಡ್ಡವು. ಸರ್ಕಾರಿ ಕಟ್ಟಡಗಳ ಮೇಲೆ ರಾಷ್ಟ್ರಧ್ವಜದ ಪಕ್ಕ ಬಣ್ಣ ಬಣ್ಣದ ಚೌಕಗಳ ಇನ್ನೊಂದು ಬಾವುಟ ಕಂಡರೆ ಅದು ವಿಫಾಲಾ, ಆಂಡಿಸ್‌ನ ಮೂಲನಿವಾಸಿಗಳದು.

ಕಡಲಿನ ಕಥೆಯನ್ನೂ ತಿಳಿದುಕೊಂಡು ಹೋಗಿ. ಬೊಲಿವಿಯಾಕ್ಕೆ ಮೊದಲು ಪೆಸಿಫಿಕ್ ತೀರ ಇತ್ತು. 1879ರಲ್ಲಿ ಶುರುವಾದ ಯುದ್ಧದಲ್ಲಿ ಅದನ್ನು ಚಿಲಿಗೆ ಕಳೆದುಕೊಂಡಿತು. 1904ರ ಒಪ್ಪಂದ ಅದನ್ನು ಪಕ್ಕಾ ಮಾಡಿತು. ಇವತ್ತಿಗೂ ಪ್ರತಿ ಮಾರ್ಚ್ 23ರಂದು ಅಲ್ಲಿ ಕಡಲಿನ ದಿನ ಆಚರಿಸುತ್ತಾರೆ. ದೇಶಕ್ಕೆ ನೌಕಾಪಡೆಯೂ ಇದೆ, ಟಿಟಿಕಾಕಾ ಸರೋವರದಲ್ಲಿ ಮತ್ತು ನದಿಗಳಲ್ಲಿ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2018ರಲ್ಲಿ, ಈ ಬಗ್ಗೆ ಮಾತುಕತೆಗೆ ಬರಲೇಬೇಕೆಂಬ ಕಟ್ಟುಪಾಡು ಚಿಲಿಗೆ ಇಲ್ಲ ಎಂದಿತು. ಅಲ್ಲಿನವರಿಗೆ ಇದು ಇನ್ನೂ ಮಾಯದ ಗಾಯ. ಸುಮ್ನೆ ತಮಾಷೆಗೂ ಕೆದಕಬೇಡಿ.

ಹೆಜ್ಜೆ 1: ಕಾಗದಪತ್ರ ಮತ್ತು ಲಸಿಕೆ

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಬೊಲಿವಿಯಾಕ್ಕೆ ವೀಸಾ ಬೇಕು. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ದೆಹಲಿಯ ಬೊಲಿವಿಯಾ ರಾಯಭಾರ ಕಚೇರಿಯನ್ನು ವಿಚಾರಿಸಿಯೇ ಮುಂದುವರಿಯಿರಿ. ಕನಿಷ್ಠ ಆರು ತಿಂಗಳು ಅವಧಿ ಇರುವ ಪಾಸ್‌ಪೋರ್ಟ್, ಹೋಗಿ ಬರುವ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಳದಿ ಜ್ವರದ ಲಸಿಕೆ ಕಾರ್ಡ್, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಟ್ಟುಕೊಳ್ಳಿ. ಫೋನಿನಲ್ಲಿ ಇದ್ದರೂ ಪ್ರಿಂಟ್ ಇರಲಿ. ವೀಸಾವನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗುವುದು ನೆಮ್ಮದಿ. ಇಲ್ಲದಿದ್ದರೆ ವಿಮಾನ ಹತ್ತುವ ಕೌಂಟರಿನಲ್ಲೇ ವಾದ ಶುರುವಾಗಬಹುದು.

ಹಳದಿ ಜ್ವರದ ಲಸಿಕೆ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಈ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಬೊಲಿವಿಯಾ ಇದೆ. ಅಲ್ಲಿಂದ ಬರುವವರ ಹತ್ತಿರ ಲಸಿಕೆ ಕಾರ್ಡ್ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಹಾಕಿಸಬೇಕು. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿದರಷ್ಟೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಕೇಂದ್ರದಲ್ಲಿ ಡೋಸ್ ಖಾಲಿ ಇರುವುದೂ ಉಂಟು, ಎರಡು ತಿಂಗಳ ಮುಂಚೆಯೇ ವಿಚಾರಿಸಿ.

ಬಿಪಿ, ಹೃದಯ, ಉಸಿರಾಟದ ತೊಂದರೆ ಇರುವವರು ಎತ್ತರದ ಊರುಗಳ ಪಟ್ಟಿಯನ್ನೇ ಡಾಕ್ಟರಿಗೆ ತೋರಿಸಿ. ಎತ್ತರಕ್ಕೆ ಹೊಂದಿಕೊಳ್ಳಲು ಡಯಮಾಕ್ಸ್ ಮಾತ್ರೆ ಬೇಕೇ, ಎಷ್ಟು, ಯಾವಾಗ ಎನ್ನುವುದನ್ನೂ ಅವರೇ ಹೇಳಬೇಕು. ಪ್ರವಾಸ ವಿಮೆ ಕೊಳ್ಳುವಾಗ 4,000 ಮೀಟರ್ ಮೇಲಿನ ಕಾಯಿಲೆಗೂ ಅದು ಸಲ್ಲುತ್ತದೆಯೇ ಎಂದು ಓದಿ ನೋಡಿ.

ಹೆಜ್ಜೆ 2: ಯಾವಾಗ ಹೋಗಬೇಕು

ಭೂಮಧ್ಯರೇಖೆಯ ಆಚೆಗಿನ ದೇಶ, ಹಾಗಾಗಿ ಕಾಲಗಳು ನಮಗೆ ತಿರುವುಮುರುವು. ಮೇಯಿಂದ ಅಕ್ಟೋಬರ್ ಒಣ ಕಾಲ. ಆಕಾಶ ತಿಳಿಯಾಗಿರುತ್ತದೆ, ರಸ್ತೆ ಚೆನ್ನಾಗಿರುತ್ತದೆ. ಆದರೆ ಜೂನ್, ಜುಲೈನಲ್ಲಿ ಉಯುನಿ ಕಡೆ ರಾತ್ರಿ ಚಳಿ ಮೈನಸ್ 15, ಮೈನಸ್ 20 ಡಿಗ್ರಿ ತಲುಪುತ್ತದೆ. ಡಿಸೆಂಬರಿನಿಂದ ಮಾರ್ಚ್ ಮಳೆಗಾಲ. ತಗ್ಗು ಪ್ರದೇಶದ ಮಣ್ಣುರಸ್ತೆ ಹಾಳಾಗುತ್ತದೆ. ಉಯುನಿಯ ಉಪ್ಪಿನ ಬಯಲಿನಲ್ಲಿ ನೀರು ನಿಂತು ಕನ್ನಡಿಯಾಗುವುದು ಮಾತ್ರ ಈ ಕಾಲದಲ್ಲೇ. ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ಏಪ್ರಿಲ್ ಕೊನೆ, ಮೇ ತಿಂಗಳು ಒಳ್ಳೆಯದು. ಮಳೆ ಮುಗಿದಿರುತ್ತದೆ, ಚಳಿ ಇನ್ನೂ ಕಚ್ಚುವುದಿಲ್ಲ.

ಹಬ್ಬ ನೋಡಲೇಬೇಕು ಅನ್ನುವವರು ಹಬ್ಬದ ತಾರೀಖಿಗೆ ಪ್ರವಾಸ ಹೊಂದಿಸಿ. ಒರೂರೊ ಊರಿನ ಕಾರ್ನಿವಲ್ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ದಿಯಾಬ್ಲಾದಾ ಎಂಬ ಕುಣಿತದಲ್ಲಿ ಕೊಂಬಿನ ದೆವ್ವದ ಮುಖವಾಡ ಹಾಕಿದ ಸಾವಿರಾರು ಜನ ಕಿಲೋಮೀಟರುಗಟ್ಟಲೆ ಕುಣಿಯುತ್ತಾ ಬಂದು ಚರ್ಚಿನೊಳಗೆ ಮಂಡಿಯೂರುತ್ತಾರೆ. ಯುನೆಸ್ಕೊ ಇದನ್ನು 2001ರಲ್ಲೇ ಗುರುತಿಸಿದೆ. ಲಾ ಪಾಸ್‌ನಲ್ಲಿ ಜನವರಿ 24ಕ್ಕೆ ಅಲಸಿತಾಸ್ ಜಾತ್ರೆ ಶುರು. ಆ ವರ್ಷ ನಿಮಗೆ ಏನು ಬೇಕೋ ಅದರ ಪುಟಾಣಿ ರೂಪ ಕೊಳ್ಳಬೇಕು. ಬೆರಳಷ್ಟುದ್ದದ ಕಾರು, ಅಂಗೈಯಷ್ಟು ಮನೆ, ಚಿಕ್ಕ ನೋಟಿನ ಕಟ್ಟು, ಚಿಕ್ಕ ಪದವಿ ಪ್ರಮಾಣಪತ್ರ, ಎಲ್ಲವೂ ಸಿಗುತ್ತವೆ. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಅದಕ್ಕೆ ಹೊಗೆ ಹಾಕಿಸಿ, ಹರಸಿಸಿಕೊಳ್ಳಲು ಜನ ಮುಗಿಬೀಳುತ್ತಾರೆ. ನೋಡಲು ಬಹಳ ಸೊಗಸು.

ಹೆಜ್ಜೆ 3: ಹೋಗುವ ದಾರಿ, ದುಡ್ಡು, ಸಾಮಾನು

ಭಾರತದಿಂದ ನೇರ ವಿಮಾನ ಇಲ್ಲ. ಬೆಂಗಳೂರಿನಿಂದ ದೋಹಾ, ದುಬೈ ಅಥವಾ ಆಡಿಸ್ ಅಬಾಬಾ ಮೂಲಕ ಬ್ರೆಜಿಲ್‌ನ ಸಾವೊ ಪಾಲೊ ತಲುಪಿ, ಅಲ್ಲಿಂದ ಸಾಂತಾ ಕ್ರೂಸ್‌ಗೆ ಹೋಗುವುದು ಅನುಕೂಲದ ದಾರಿ. ಮ್ಯಾಡ್ರಿಡ್ ಮೂಲಕವೂ ಹೋಗಬಹುದು. ಅಮೆರಿಕದ ಮೂಲಕ ಹೋಗುವ ಟಿಕೆಟ್ ಅಗ್ಗ ಕಂಡರೂ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕು. ಯುರೋಪಿನ ನಿಲ್ದಾಣಗಳಲ್ಲೂ ಟ್ರಾನ್ಸಿಟ್ ವೀಸಾ ಕೇಳಬಹುದು. ಟಿಕೆಟ್ ಕೊಳ್ಳುವ ಮೊದಲೇ ಖಚಿತ ಮಾಡಿಕೊಳ್ಳಿ. ಪೂರ್ತಿ ದಾರಿ ಒಂದೇ ಟಿಕೆಟ್‌ನಲ್ಲಿ ಇರುವಂತೆ ನೋಡಿಕೊಂಡರೆ, ಒಂದು ವಿಮಾನ ತಪ್ಪಿದರೂ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಅವರದಾಗುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ.

ದುಡ್ಡಿನ ಹೆಸರು ಬೊಲಿವಿಯಾನೊ. 2011ರಿಂದ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಒಂದು ಡಾಲರಿಗೆ ಸುಮಾರು ಏಳು ಬೊಲಿವಿಯಾನೊ ಎಂಬ ಲೆಕ್ಕ ಕದಲಿರಲಿಲ್ಲ. 2023ರಲ್ಲಿ ಡಾಲರಿನ ಅಭಾವ ಶುರುವಾಯಿತು. ಬ್ಯಾಂಕಿನ ದರ ಒಂದು, ಹೊರಗಿನ ದರ ಇನ್ನೊಂದು ಆಯಿತು. ಹೋಗುವ ವಾರದ ಪರಿಸ್ಥಿತಿ ತಿಳಿದುಕೊಂಡೇ ಹೊರಡಿ. ಹೊಸ, ಗರಿಗರಿಯಾದ ಡಾಲರ್ ನೋಟು ಒಯ್ಯಿರಿ. ಅಂಚು ಸ್ವಲ್ಪ ಹರಿದಿದ್ದರೂ, ಪೆನ್ನಿನ ಗೆರೆ ಇದ್ದರೂ ಅಂಗಡಿಯವರು ವಾಪಸ್ ಕೊಡುತ್ತಾರೆ. ರೂಪಾಯಿ ಅಲ್ಲಿ ನಡೆಯುವುದಿಲ್ಲ. ನಗರದ ದೊಡ್ಡ ಹೋಟೆಲ್ ಬಿಟ್ಟರೆ ಕಾರ್ಡನ್ನು ನಂಬಿಕೊಳ್ಳಬೇಡಿ. 100, 200ರ ಬೊಲಿವಿಯಾನೊ ನೋಟಿಗೆ ಸಂತೆಯಲ್ಲಿ ಚಿಲ್ಲರೆ ಸಿಗುವುದು ಕಷ್ಟ, ಸಿಕ್ಕಲ್ಲೆಲ್ಲ ಒಡೆಸಿಟ್ಟುಕೊಳ್ಳಿ.

ನಮ್ಮ ಫೋನ್ ಚಾರ್ಜರಿನ ಸಪೂರ ಎರಡು ಪಿನ್ ಅಲ್ಲಿನ ಸಾಕೆಟ್ಟಿಗೆ ಕೂರುತ್ತದೆ. ಸಿಮ್ ಕಾರ್ಡಿಗೆ ಎಂತೆಲ್, ತಿಗೊ, ವಿವಾ ಎಂಬ ಮೂರು ಕಂಪನಿಗಳಿವೆ. ಹಳ್ಳಿಗಾಡಿನಲ್ಲಿ ಎಂತೆಲ್ ಜಾಸ್ತಿ ಸಿಗುತ್ತದೆ. ಬಟ್ಟೆ ಪದರ ಪದರವಾಗಿ ಹಾಕುವಂತಿರಲಿ: ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಎತ್ತರದಲ್ಲಿ ಬಿಸಿಲಿನಲ್ಲಿ ನಿಂತರೆ ಬೆವರು, ನೆರಳಿಗೆ ಬಂದರೆ ನಡುಕ.

ಹೆಜ್ಜೆ 4: ಊರೂರಿನ ದಾರಿ

ಮೊದಲ ತಂಗುದಾಣ ಸಾಂತಾ ಕ್ರೂಸ್. ನಗರದಲ್ಲಿ ನೋಡುವಂಥದ್ದು ಬಹಳ ಇಲ್ಲ, ನಿಜ. ಆದರೆ ದೂರದ ಪ್ರಯಾಣದ ಆಯಾಸ ಕಳೆದುಕೊಳ್ಳಲು, ದುಡ್ಡು ಬದಲಿಸಲು, ಸಿಮ್ ಕೊಳ್ಳಲು ಇದೇ ಒಳ್ಳೆಯ ಜಾಗ. ಒಂದು ದಿನ ಮಲಗಿ ಎದ್ದು ಸಮೈಪಾತಾಕ್ಕೆ ಹೊರಡಿ. ಕಾರಿನಲ್ಲಿ ಸುಮಾರು ಮೂರು ಗಂಟೆ ದಾರಿ. ಅಲ್ಲಿ ಎಲ್ ಫುಯೆರ್ತೆ ಎಂಬ ದೊಡ್ಡ ಹಾಸುಬಂಡೆ ಇದೆ. ಅದರ ಮೈತುಂಬ ಕೊರೆದ ಕಾಲುವೆ, ಗೂಡು, ಪ್ರಾಣಿಗಳ ಆಕಾರ. 1998ರಿಂದ ವಿಶ್ವ ಪರಂಪರೆಯ ತಾಣ. ಹಳೆಯ ಚರ್ಚು, ಸಂಗೀತ ಇಷ್ಟವಿದ್ದವರು ಇನ್ನೊಂದು ದಿಕ್ಕಿಗೆ, ಚಿಕಿತೊಸ್ ಸೀಮೆಯಲ್ಲಿ ಜೆಸ್ಯೂಟ್ ಪಾದ್ರಿಗಳು ಕಟ್ಟಿದ ಮಿಷನ್ ಹಳ್ಳಿಗಳ ಕಡೆ ಹೋಗಬಹುದು. ಕೊನ್ಸೆಪ್ಸಿಯೊನ್ ಊರಿನ ಮರದ ಕಂಬಗಳ ಚರ್ಚು ನೋಡುವಂಥದ್ದು.

ಮುಂದಿನದು ಸೂಕ್ರೆ. ಸಾಂತಾ ಕ್ರೂಸ್‌ನಿಂದ ವಿಮಾನದಲ್ಲಿ ಒಂದು ಗಂಟೆಯೊಳಗೆ ಹೋಗಬಹುದು, ಬಸ್ಸಿನಲ್ಲಾದರೆ ಇಡೀ ರಾತ್ರಿ. ಈ ಊರಲ್ಲಿ ಆತುರ ಬೇಡ, ಮೂರು ರಾತ್ರಿ ಇರಿ. ಎತ್ತರಕ್ಕೆ ದೇಹ ಒಗ್ಗುವುದು ಇಲ್ಲೇ. ಮೊದಲ ದಿನ ನಿಧಾನ ನಡೆಯಿರಿ, ನೀರು ಜಾಸ್ತಿ ಕುಡಿಯಿರಿ, ರಾತ್ರಿ ಊಟ ಕಮ್ಮಿ ಇರಲಿ, ಮದ್ಯ ಬೇಡ. ನಗರದ ನಡುಭಾಗ ಪೂರ್ತಿ ಸುಣ್ಣದ ಬಿಳುಪು. ಸ್ವಾತಂತ್ರ್ಯ ಪತ್ರಕ್ಕೆ ಸಹಿ ಬಿದ್ದ ಕಾಸಾ ದೆ ಲಾ ಲಿಬೆರ್ತಾದ್ ಮುಖ್ಯ ಚೌಕದಲ್ಲೇ ಇದೆ. ಊರ ಹೊರಗೆ ಸಿಮೆಂಟ್ ಕಾರ್ಖಾನೆಯ ಪಕ್ಕ ಕಾಲ್ ಒರ್ಕೊ ಎಂಬ ಸುಣ್ಣಕಲ್ಲಿನ ಗೋಡೆಯಂಥ ಗುಡ್ಡ. ಅದರ ಮೇಲೆ ಐದು ಸಾವಿರಕ್ಕೂ ಹೆಚ್ಚು ಡೈನೊಸಾರ್ ಹೆಜ್ಜೆಗಳು. ಒಂದು ಕಾಲದಲ್ಲಿ ಅದು ಕೆರೆಯಂಚಿನ ಕೆಸರು ನೆಲ. ಭೂಮಿಯ ಪದರ ಮೇಲಕ್ಕೆದ್ದು ಈಗ ನೆಟ್ಟಗೆ ನಿಂತಿದೆ. ಮಕ್ಕಳು ಜೊತೆಗಿದ್ದರೆ ತಪ್ಪಿಸಬೇಡಿ.

ಸೂಕ್ರೆಯಿಂದ ಪೊಟೊಸಿಗೆ ಬಸ್ಸಿನಲ್ಲಿ ಮೂರು ಗಂಟೆಯ ಆಸುಪಾಸು. ಸೆರ್ರೊ ರಿಕೊ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಸ್ಪೇನಿನ ಸಾಮ್ರಾಜ್ಯ ಬೆಳೆದದ್ದು ಈ ಬೆಳ್ಳಿಯ ಮೇಲೆ, ಮೂಲನಿವಾಸಿಗಳ ಬಿಟ್ಟಿ ದುಡಿಮೆಯ ಮೇಲೆ. ಯುರೋಪಿನ ವ್ಯಾಪಾರಿಗಳು ಮೆಣಸು, ಬಟ್ಟೆ ಕೊಳ್ಳಲು ಭಾರತದ ಬಂದರುಗಳಿಗೆ ತಂದ ಬೆಳ್ಳಿಯಲ್ಲಿ ಈ ಬೆಟ್ಟದ್ದೂ ಸೇರಿತ್ತು. ಆ ನಾಣ್ಯಗಳನ್ನು ಅಚ್ಚು ಹಾಕಿದ ಟಂಕಸಾಲೆ ಕಾಸಾ ದೆ ಲಾ ಮೊನೆದಾ ಈಗ ವಸ್ತುಸಂಗ್ರಹಾಲಯ. ನನ್ನ ಪ್ರಕಾರ ಇಡೀ ದೇಶದಲ್ಲಿ ಇದು ಅತ್ಯುತ್ತಮ ಮ್ಯೂಸಿಯಂ. ಬೆಳ್ಳಿಯ ತಗಡು ತೆಳುಮಾಡಲು ಹೇಸರಗತ್ತೆಗಳು ತಿರುಗಿಸುತ್ತಿದ್ದ ದೊಡ್ಡ ಮರದ ಹಲ್ಲುಚಕ್ರಗಳು ಇನ್ನೂ ಹಾಗೇ ನಿಂತಿವೆ.

ಗಣಿಯೊಳಗೆ ಕರೆದುಕೊಂಡು ಹೋಗುವ ಪ್ರವಾಸಗಳೂ ಇವೆ. ಹೋಗುವ ಮುಂಚೆ ಯೋಚಿಸಿ. ಅದು ಪ್ರದರ್ಶನಕ್ಕೆ ಇಟ್ಟ ಗಣಿ ಅಲ್ಲ, ಸಹಕಾರಿ ಸಂಘಗಳ ಕಾರ್ಮಿಕರು ಇವತ್ತಿಗೂ ಜೀವ ಪಣಕ್ಕಿಟ್ಟು ದುಡಿಯುವ ಜಾಗ. ಒಳಗೆ ಧೂಳು, ಬಾಗಿ ನಡೆಯಬೇಕಾದ ಸುರಂಗ, 4,000 ಮೀಟರ್ ಮೇಲಿನ ತೆಳು ಗಾಳಿ. ಉಬ್ಬಸ ಇದ್ದವರು, ಇಕ್ಕಟ್ಟಿನ ಭಯ ಇರುವವರು ಖಂಡಿತ ಬೇಡ. ಹೋಗುವುದಾದರೆ ಗಣಿಯಲ್ಲಿ ದುಡಿದ ಅನುಭವ ಇರುವ ಗೈಡ್ ಜೊತೆಗೇ ಹೋಗಿ. ಒಳಗಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಪೊಟೊಸಿಯಿಂದ ಉಯುನಿಗೆ ನಾಲ್ಕು ಗಂಟೆ. ಅಲ್ಲಿರುವುದು ಪ್ರಪಂಚದ ಅತಿ ದೊಡ್ಡ ಉಪ್ಪಿನ ಬಯಲು, 10,000 ಚದರ ಕಿಲೋಮೀಟರಿಗೂ ಜಾಸ್ತಿ. ಒಂದು ದಿನದ ಪ್ರವಾಸದಲ್ಲಿ ಹಳೆಯ ರೈಲುಗಳ ಸ್ಮಶಾನ, ಉಪ್ಪು ಒಣಗಿಸುವ ಕೊಲ್ಚಾನಿ ಹಳ್ಳಿ, ಬಯಲಿನ ನಡುವಿನ ಇಂಕಾವಾಸಿ ದ್ವೀಪ ಸಿಗುತ್ತವೆ. ದ್ವೀಪದ ತುಂಬ ಆಳೆತ್ತರ ಮೀರಿದ ಪಾಪಸುಕಳ್ಳಿ. ಅವು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್, ಅಂದರೆ ಒಂದೊಂದರ ವಯಸ್ಸು ನೀವೇ ಲೆಕ್ಕ ಹಾಕಿ. ಮಳೆಗಾಲದಲ್ಲಿ ನೀರು ಜಾಸ್ತಿಯಾದರೆ ದ್ವೀಪಕ್ಕೆ ಜೀಪು ಹೋಗುವುದಿಲ್ಲ.

ಸಮಯ ಇದ್ದರೆ ಮೂರು ದಿನದ ಪ್ರವಾಸವನ್ನೇ ಆರಿಸಿ. ಬಯಲು ದಾಟಿ ದಕ್ಷಿಣಕ್ಕೆ ಹೋದಂತೆ ಕೆಂಪು ನೀರಿನ ಲಗುನಾ ಕೊಲೊರಾದಾ, ಅದರಲ್ಲಿ ಮೇಯುವ ಫ್ಲೆಮಿಂಗೊ ಹಿಂಡು, 4,800 ಮೀಟರ್ ಮೇಲೆ ಬುಸುಗುಟ್ಟುವ ಸೊಲ್ ದೆ ಮಾನ್ಯಾನಾ ಬಿಸಿಮಣ್ಣಿನ ಕುಂಡಗಳು, ಲಿಕಾನ್ಕಾಬುರ್ ಜ್ವಾಲಾಮುಖಿಯ ಬುಡದ ಹಸಿರು ಕೆರೆ. ಬೇಕೆಂದರೆ ಅಲ್ಲಿಂದಲೇ ಚಿಲಿಗೆ ದಾಟಬಹುದು, ಅದಕ್ಕೆ ಚಿಲಿಯ ವೀಸಾ ಕೈಯಲ್ಲಿರಬೇಕು. ಜೀಪಿನ ಏಜೆನ್ಸಿ ಆರಿಸುವಾಗ ಬೆಲೆಗಿಂತ ಮೊದಲು ನಾಲ್ಕು ಪ್ರಶ್ನೆ ಕೇಳಿ: ಸ್ಪೇರ್ ಟೈರ್ ಎಷ್ಟಿವೆ, ಆಮ್ಲಜನಕದ ಸಿಲಿಂಡರ್ ಇದೆಯೇ, ದಪ್ಪ ಸ್ಲೀಪಿಂಗ್ ಬ್ಯಾಗ್ ಕೊಡುತ್ತೀರಾ, ಮಾಂಸವಿಲ್ಲದ ಊಟ ಹಾಕುತ್ತೀರಾ. ಉತ್ತರ ತಡವರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ. ಈ ಕೆರೆಗಳಿರುವ ರಕ್ಷಿತ ಪ್ರದೇಶದ ಪ್ರವೇಶ ಶುಲ್ಕ ಬೇರೆ ಇರುತ್ತದೆ, ನಗದಾಗಿ ಇಟ್ಟುಕೊಳ್ಳಿ. ಸನ್‌ಸ್ಕ್ರೀನನ್ನು ಗದ್ದದ ಕೆಳಗೆ, ಮೂಗಿನ ತಳಕ್ಕೂ ಹಚ್ಚಿ. ಬಿಸಿಲು ಉಪ್ಪಿನ ಮೇಲಿಂದ ಪುಟಿದು ಕೆಳಗಿನಿಂದಲೂ ಸುಡುತ್ತದೆ. ಕಪ್ಪು ಕನ್ನಡಕ ಇಲ್ಲದೆ ಅಲ್ಲಿ ಕಣ್ಣು ಬಿಡುವುದೇ ಕಷ್ಟ.

ಉಯುನಿಯಿಂದ ಲಾ ಪಾಸ್‌ಗೆ ರಾತ್ರಿ ಬಸ್ ಇದೆ, ವಿಮಾನವೂ ಇದೆ. ಈ ಹೊತ್ತಿಗೆ ದೇಹ ಎತ್ತರಕ್ಕೆ ಒಗ್ಗಿರುತ್ತದೆ, ಲಾ ಪಾಸ್‌ನ ಏರುದಾರಿಗಳಲ್ಲಿ ಏದುಸಿರು ಬಂದರೂ ತಲೆ ಸಿಡಿಯುವುದಿಲ್ಲ. ನಗರ ಒಂದು ಆಳವಾದ ಕಣಿವೆಯಲ್ಲಿದೆ, ಮೇಲಿನ ಬಯಲಿನಲ್ಲಿ ಎಲ್ ಆಲ್ತೊ. ಎರಡನ್ನೂ ಬೆಸೆಯುವುದು 2014ರಲ್ಲಿ ಶುರುವಾದ ಕೇಬಲ್ ಕಾರ್, ಮಿ ತೆಲೆಫೆರಿಕೊ. ಹತ್ತು ಮಾರ್ಗಗಳಿವೆ, ಒಂದೊಂದಕ್ಕೂ ಒಂದು ಬಣ್ಣದ ಹೆಸರು. ಆಫೀಸಿಗೆ ಹೋಗುವವರು, ಸಂತೆಯ ಮೂಟೆ ಹೊತ್ತವರು, ಶಾಲೆ ಮಕ್ಕಳು ಎಲ್ಲರೂ ಇದರಲ್ಲೇ ಓಡಾಡುತ್ತಾರೆ. ಕೆಲವೇ ಬೊಲಿವಿಯಾನೊ ಕೊಟ್ಟರೆ ಇಡೀ ಕಣಿವೆ ಕಾಲಡಿ. ಗುರುವಾರ ಅಥವಾ ಭಾನುವಾರ ಕೆಂಪು ಮಾರ್ಗದಲ್ಲಿ ಎಲ್ ಆಲ್ತೊಗೆ ಹತ್ತಿ. ಅಂದು ಅಲ್ಲಿ ನಡೆಯುವ ಸಂತೆಯಲ್ಲಿ ಸೂಜಿಯಿಂದ ಕಾರಿನ ಎಂಜಿನ್‌ವರೆಗೆ ಸಿಗುತ್ತದೆ. ಕೆಳಗೆ ಮುರಿಯೊ ಚೌಕದಲ್ಲಿ ಸಂಸತ್ತಿನ ಗಡಿಯಾರ ನೋಡಿ. 2014ರಲ್ಲಿ ಅದರ ಮುಳ್ಳು ಎಡಕ್ಕೆ ತಿರುಗುವಂತೆ ಮಾಡಿದರು, ದಕ್ಷಿಣದ ದೇಶಕ್ಕೆ ದಕ್ಷಿಣದ ಗಡಿಯಾರ ಇರಲಿ ಎಂದು. ಸಿಗ್ನಲ್‌ನಲ್ಲಿ ಜೀಬ್ರಾ ವೇಷದ ಹುಡುಗ ಹುಡುಗಿಯರು ಕೈಹಿಡಿದು ರಸ್ತೆ ದಾಟಿಸಿದರೆ ಗಾಬರಿಯಾಗಬೇಡಿ. 2001ರಿಂದ ನಡೆದುಬಂದ ನಗರಸಭೆಯ ಕಾರ್ಯಕ್ರಮ ಅದು.

ಲಾ ಪಾಸ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ತಿವನಾಕು ಒಂದು ದಿನದ ಪ್ರವಾಸ. ಇಂಕಾಗಳಿಗಿಂತ ಹಳೆಯ ನಾಗರಿಕತೆ. ಒಂದೇ ಕಲ್ಲಿನಲ್ಲಿ ಕಡೆದ ಸೂರ್ಯನ ದ್ವಾರದ ಮುಂದೆ ನಿಂತು ಅದರ ಮೇಲಿನ ಸಾಲು ಸಾಲು ರೆಕ್ಕೆಯ ಆಕೃತಿಗಳನ್ನು ನಿಧಾನ ನೋಡಿ. ಗೈಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬರೀ ಕಲ್ಲು ಅನ್ನಿಸಿಬಿಡುತ್ತದೆ.

ಕೊನೆಗೆ ಟಿಟಿಕಾಕಾ. ಸರೋವರದ ದಡದ ಕೊಪಕಬಾನಾ ಊರಿಗೆ ಹೋಗುವ ಬಸ್ಸು ದಾರಿಯಲ್ಲಿ ತಿಕಿನಾ ಜಲಸಂಧಿ ಹತ್ತಿರ ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಚಿಕ್ಕ ದೋಣಿಯಲ್ಲಿ ದಾಟಬೇಕು. ಬಸ್ಸು ಮರದ ತೆಪ್ಪದ ಮೇಲೆ ಓಲಾಡುತ್ತಾ ಹಿಂದೆ ಬರುತ್ತದೆ. ಪಾಸ್‌ಪೋರ್ಟ್, ದುಡ್ಡು ಬಸ್ಸಿನಲ್ಲಿ ಬಿಡಬೇಡಿ. ಕೊಪಕಬಾನಾದ ಚರ್ಚಿನ ಮುಂದೆ ಬೆಳಿಗ್ಗೆ ಹೊತ್ತು ನಿಲ್ಲಿ: ಹೊಸ ಕಾರು, ಬಸ್ಸು, ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಹೂವಿನ ಹಾರ, ಬಣ್ಣದ ಕಾಗದ ಸುತ್ತಿ, ಪಾದ್ರಿಯಿಂದ ನೀರು ಚಿಮುಕಿಸಿಕೊಳ್ಳುತ್ತಾರೆ. ನಮ್ಮ ಆಯುಧಪೂಜೆಯ ದಿನ ಬಸ್ ಡಿಪೋ ಮುಂದೆ ನಿಂತ ಹಾಗೇ ಅನ್ನಿಸುತ್ತದೆ, ನಿಂಬೆಹಣ್ಣು ಒಂದು ಕಮ್ಮಿ. ಬ್ರೆಜಿಲ್‌ನ ರಿಯೊದ ಪ್ರಸಿದ್ಧ ಬೀಚಿಗೆ ಕೊಪಕಬಾನಾ ಎಂಬ ಹೆಸರು ಬಂದದ್ದು ಈ ಊರಿನ ಮೇರಿಮಾತೆಯಿಂದಲೇ. ದೋಣಿಯಲ್ಲಿ ಇಸ್ಲಾ ದೆಲ್ ಸೊಲ್ ದ್ವೀಪಕ್ಕೆ ಹೋಗಿ ಒಂದು ರಾತ್ರಿ ಉಳಿಯಿರಿ. ಮೋಟಾರು ವಾಹನ ಇಲ್ಲದ ದ್ವೀಪ, ಸಾಮಾನು ಹೊತ್ತು ಮೆಟ್ಟಿಲು ಹತ್ತಬೇಕು, ಚಿಕ್ಕ ಚೀಲ ಸಾಕು.

ಇನ್ನೂ ದಿನಗಳಿದ್ದರೆ ಲಾ ಪಾಸ್‌ನಿಂದ ಅಮೆಜಾನ್ ಕಡೆಯ ರುರ್ರೆನಾಬಾಕೆಗೆ ಇಳಿದು ಮಾದಿದಿ ಕಾಡು ನೋಡಿ. ಸಾವಿನ ರಸ್ತೆ ಎಂದು ಹೆಸರಾದ ಯುಂಗಾಸ್ ದಾರಿಯಲ್ಲಿ ಸೈಕಲ್ ಇಳಿಸುವ ಪ್ರವಾಸಗಳೂ ಇವೆ. 4,600 ಮೀಟರ್ ಮೇಲಿಂದ 1,200ಕ್ಕೆ ಇಳಿಯುವ ರಸ್ತೆ ಅದು. ವಾಹನಗಳಿಗೆ ಹೊಸ ರಸ್ತೆ ಆಗಿರುವುದರಿಂದ ಈಗ ಹಳೆಯದರಲ್ಲಿ ಸಂಚಾರ ಕಮ್ಮಿ. ಆದರೂ ಬ್ರೇಕನ್ನು ನೀವೇ ಒತ್ತಿ ನೋಡದೆ ಸೈಕಲ್ ಹತ್ತಬೇಡಿ.

ಹೆಜ್ಜೆ 5: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಹೋಟೆಲ್‌ನಲ್ಲಿ ಬರೀ ಕಾರ್ನೆ, ಅಂದರೆ ಮಾಂಸ, ಬೇಡ ಎಂದರೆ ಸಾಲದು. ಅಲ್ಲಿ ಬಹಳ ಜನ ಅದನ್ನು ದನದ ಮಾಂಸ ಎಂದಷ್ಟೇ ತಿಳಿದು ಕೋಳಿ ಹಾಕಿಕೊಡುತ್ತಾರೆ. "ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ" ಎಂದು ಮೂರನ್ನೂ ಹೇಳಿ: ಮಾಂಸ, ಕೋಳಿ, ಮೀನು ಯಾವುದೂ ಬೇಡ. ಸೂಪಿನ ನೀರು ಮೂಳೆಯಲ್ಲಿ ಕುದಿಸಿದ್ದಾಗಿರುತ್ತದೆ, ಕೇಳಿಯೇ ಕುಡಿಯಿರಿ.

ಮಾಂಸವಿಲ್ಲದೆ ಹೊಟ್ಟೆ ತುಂಬಿಸುವ ತಿನಿಸು ಬೇಕಾದಷ್ಟಿವೆ. ಜೋಳ, ಆಲೂಗಡ್ಡೆ, ದಪ್ಪ ಅವರೆಯಂಥ ಹಾಬಾ ಕಾಳು, ಹುರಿದ ಚೀಸ್ ಹಾಕಿದ ಪ್ಲಾತೊ ಪಾಸೆನ್ಯೊ ಲಾ ಪಾಸ್‌ನ ಊಟ, ಮಾಂಸವಿಲ್ಲದ್ದನ್ನೇ ಕೇಳಿ. ಎಳೆ ಜೋಳ ಅರೆದು, ಚೀಸ್ ಸೇರಿಸಿ, ಅದರದೇ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಉಮಿಂತಾ. ಮರಗೆಣಸಿನ ಹಿಟ್ಟು, ಚೀಸಿನ ಕುನ್ಯಾಪೆ ಸಾಂತಾ ಕ್ರೂಸ್‌ನ ಸಂಜೆ ತಿಂಡಿ. ಚಳಿಯ ಬೆಳಿಗ್ಗೆಗೆ ನೇರಳೆ ಜೋಳದ ಬಿಸಿ ಪಾನೀಯ ಆಪಿ, ಲವಂಗ ಚಕ್ಕೆ ಹಾಕಿರುತ್ತಾರೆ, ಜೊತೆಗೆ ಉಬ್ಬಿದ ಚೀಸ್ ಪೂರಿ. ಖಾರ ಬೇಕೆಂದರೆ ಯಾಹ್ವಾ ಕೇಳಿ. ಟೊಮೇಟೊ, ಲೊಕೊತೊ ಮೆಣಸಿನಕಾಯಿ, ಒಂದು ಸುವಾಸನೆಯ ಸೊಪ್ಪನ್ನು ಬತಾನ್ ಎಂಬ ಚಪ್ಪಟೆ ಕಲ್ಲಿನ ಮೇಲೆ ಅರೆದು ಮಾಡುತ್ತಾರೆ. ಮೊದಲು ಸ್ವಲ್ಪ ಹಾಕಿಕೊಳ್ಳಿ, ಲೊಕೊತೊ ಖಾರ ಜೋರು.

ಮಾಂಸಾಹಾರಿಗಳಿಗೆ ಬೆಳಗಿನ ಸಾಲ್ತೆನ್ಯಾ ಇದೆ. ಕರ್ಜಿಕಾಯಿ ಆಕಾರ, ಒಳಗೆ ಬಿಸಿ ಸಾರಿನಂಥ ಹೂರಣ. ನೆಟ್ಟಗೆ ಹಿಡಿದು, ತುದಿ ಕಚ್ಚಿ, ಮೊದಲು ಸಾರು ಹೀರಿ, ಆಮೇಲೆ ತಿನ್ನಬೇಕು. ಮಧ್ಯಾಹ್ನದ ಹೊತ್ತಿಗೆ ಖಾಲಿ. ಸೊಪಾ ದೆ ಮಾನಿ ಎಂಬ ಶೇಂಗಾ ಸೂಪು ನಮ್ಮವರಿಗೆ ವಿಶೇಷ, ಏಕೆಂದರೆ ಶೇಂಗಾ ಗಿಡದ ತವರು ದಕ್ಷಿಣ ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾದ ಈ ಸೀಮೆ. ಆಲೂಗಡ್ಡೆಯೂ ಆಂಡಿಸ್‌ನದೇ. ಜೂನ್, ಜುಲೈನ ಹಿಮದ ರಾತ್ರಿಗಳಲ್ಲಿ ಅದನ್ನು ಬಯಲಿನಲ್ಲಿ ಹರವಿ, ಬರಿಗಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿ ಚುನ್ಯೊ ಮಾಡುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ರುಚಿ ಹಿಡಿಯಲು ಎರಡು ಮೂರು ಸಲ ತಿನ್ನಬೇಕು.

ಸಂತೆಯಲ್ಲಿ ಹಣ್ಣಿನ ರಸ ಮಾರುವ ಹೆಂಗಸನ್ನು "ಕಾಸೆರಿತಾ" ಎಂದು ಕರೆದು ಮಾತಾಡಿಸಿ. ಲೋಟ ಖಾಲಿಯಾದ ಮೇಲೆ "ಯಾಪಾ" ಎಂದರೆ ಮಿಕ್ಸಿಯಲ್ಲಿ ಉಳಿದ ರಸವನ್ನು ಕೊಸರು ಹಾಕುತ್ತಾರೆ. ನಲ್ಲಿ ನೀರು ಕುಡಿಯಬೇಡಿ, ಐಸ್ ಬೇಡ, ಹಾಲಲ್ಲಿ ಮಾಡಿದ ರಸ ಕೇಳಿ.

ಹೆಜ್ಜೆ 6: ರಸ್ತೆ ತಡೆ, ಸುರಕ್ಷತೆ, ಆರೋಗ್ಯ

ಬೊಲಿವಿಯಾದಲ್ಲಿ ಪ್ರತಿಭಟನೆ ಎಂದರೆ ರಸ್ತೆ ತಡೆ. ಹೆದ್ದಾರಿಗೆ ಕಲ್ಲು, ಟೈರು ಅಡ್ಡ ಹಾಕಿ ದಿನಗಟ್ಟಲೆ ಕೂರುತ್ತಾರೆ. ಪ್ರತಿದಿನ ಬೆಳಿಗ್ಗೆ ಹೋಟೆಲ್‌ನವರನ್ನು, ಬಸ್ ನಿಲ್ದಾಣದವರನ್ನು "ಆಯ್ ಬ್ಲೊಕೆಯೊ?" (ರಸ್ತೆ ತಡೆ ಇದೆಯೇ?) ಎಂದು ಕೇಳಿ. ರಾಷ್ಟ್ರೀಯ ರಸ್ತೆ ಸಂಸ್ಥೆಯ ಆನ್‌ಲೈನ್ ನಕ್ಷೆಯಲ್ಲೂ ಯಾವ ದಾರಿ ಬಂದ್ ಎಂದು ಕಾಣುತ್ತದೆ. ತಡೆ ಮುರಿದು ನುಗ್ಗುವ ಚಾಲಕರ ಗಾಡಿ ಹತ್ತಬೇಡಿ. ವಾಪಸ್ ವಿಮಾನಕ್ಕೆ ಎರಡು ದಿನ ಮೊದಲೇ ಆ ನಗರ ಸೇರಿಬಿಡಿ, ಇದರಲ್ಲಿ ರಾಜಿ ಬೇಡ.

ರಾತ್ರಿ ಬಸ್ಸಿಗೆ ಕಾಮಾ ಎಂಬ ಅಗಲ ಸೀಟು ತೆಗೆದುಕೊಳ್ಳಿ, ಹೊದಿಕೆ ಕೈಯಲ್ಲೇ ಇರಲಿ. ನಿಲ್ದಾಣದಲ್ಲಿ ಟಿಕೆಟ್ ಅಲ್ಲದೆ ಒಂದು ಚಿಕ್ಕ ನಿಲ್ದಾಣ ಶುಲ್ಕವೂ ಇರುತ್ತದೆ. ಬೀದಿಯಲ್ಲಿ ಕೈಮಾಡಿದ ಕಾರು ಹತ್ತುವ ಬದಲು ಹೋಟೆಲ್‌ನಿಂದ ರೇಡಿಯೊ ಟ್ಯಾಕ್ಸಿ ಕರೆಸಿ. ಸಾದಾ ಬಟ್ಟೆಯಲ್ಲಿ ಬಂದು ಪೊಲೀಸ್ ಎಂದು ಹೇಳಿ ಪರ್ಸ್ ಕೇಳುವವರನ್ನು ನಂಬಬೇಡಿ, ಠಾಣೆಗೆ ನಡೆದೇ ಹೋಗೋಣ ಎನ್ನಿ. ಅಗಲ ಲಂಗ, ದುಂಡು ಟೋಪಿ ತೊಟ್ಟ ಚೊಲಿತಾ ಹೆಂಗಸರ ಫೋಟೊ ತೆಗೆಯುವ ಮುಂಚೆ ಕೇಳಿ. ಅವರ ಅಜ್ಜಿಯರನ್ನು ಆ ಉಡುಪಿಗಾಗಿಯೇ ಹೋಟೆಲು, ಕಚೇರಿಗಳಿಂದ ಹೊರಗಿಡುತ್ತಿದ್ದ ಕಾಲ ಇತ್ತು. ಇವತ್ತು ಅವರು ಅದನ್ನು ಹೆಮ್ಮೆಯಿಂದ ತೊಡುತ್ತಾರೆ.

ಎತ್ತರದ ಕಾಯಿಲೆಗೆ ಅಲ್ಲಿ ಸೊರೊಚೆ ಎನ್ನುತ್ತಾರೆ. ಸಣ್ಣ ತಲೆನೋವಿಗೆ ವಿಶ್ರಾಂತಿ, ನೀರು, ಕೋಕಾ ಎಲೆಯ ಬಿಸಿ ಚಹಾ ಸಾಕಾಗಬಹುದು. ಕೂತಿದ್ದರೂ ಏದುಸಿರು, ನೊರೆ ಕೆಮ್ಮು, ತಡವರಿಸುವ ಮಾತು, ನಡೆಯುವಾಗ ತೂರಾಟ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ನೋಡೋಣ ಎನ್ನಬೇಡಿ. ಆ ಕ್ಷಣವೇ ತಗ್ಗಿನ ಊರಿಗೆ ಇಳಿಸಿ, ಆಸ್ಪತ್ರೆಗೆ ಸೇರಿಸಿ.

ಹೆಜ್ಜೆ 7: ವಾಪಸ್ ಹೊರಡುವಾಗ

ಕೋಕಾ ಎಲೆ ಬೊಲಿವಿಯಾದಲ್ಲಿ ಕಾನೂನುಬದ್ಧ. ಪೂಜೆಗೆ, ಹಸಿವಿಗೆ, ದಣಿವಿಗೆ ಎಲ್ಲದಕ್ಕೂ ಬಳಸುತ್ತಾರೆ. ಭಾರತದಲ್ಲಿ ಅದು ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಒಂದು ಟೀ ಬ್ಯಾಗ್ ಕೂಡ ಜೇಬಿನಲ್ಲಿ ಉಳಿಯದಂತೆ ಚೀಲ ಪೂರ್ತಿ ಕೊಡವಿ ನೋಡಿ. ನೆನಪಿಗೆ ತರುವುದಾದರೆ ಅಲ್ಪಾಕಾ ಉಣ್ಣೆಯ ಶಾಲು, ಸೂಕ್ರೆಯ ಹಾಲ್ಕಾ ನೇಯ್ಗೆ, ಯುಂಗಾಸ್ ಕಾಫಿ ತನ್ನಿ. ಹಳದಿ ಜ್ವರದ ಕಾರ್ಡನ್ನು ದೊಡ್ಡ ಬ್ಯಾಗಿಗೆ ಹಾಕದೆ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಇಳಿದ ಕೂಡಲೇ, ಇಮಿಗ್ರೇಷನ್‌ಗೂ ಮೊದಲು ಅದನ್ನೇ ಕೇಳಬಹುದು.